ಒತ್ತಿದರೆ ಮಾತಾಡುವ ಪುಟ

ಅಕ್ಕೋರು ಮೊದಲ ಸಲ ನಮ್ಮ ಕಂಪ್ಯೂಟರ್ ಸೆಂಟರಿನ ಮೆಟ್ಟಿಲು ಹತ್ತಿ ಬಂದಾಗ ಅವರಿಗೆ ಇನ್ನೂ ಧ್ವನಿ ಇತ್ತು. ಗಂಟಲು ಕಟ್ಟಿ ಗೊರಗೊರ ಎನ್ನುತ್ತಿತ್ತು, ನಿಜ. ಆದರೂ ತರಗತಿಯ ಕೊನೆಯ ಸಾಲಿನ ತನಕ ಮುಟ್ಟಿ ರೂಢಿಯಾದ ಧ್ವನಿ ಅದು ಎಂದು ಮೊದಲ ಮಾತಿಗೇ ಗೊತ್ತಾಗುತ್ತಿತ್ತು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಸಿಂದಗಿ ಬಸ್ ನಿಲ್ದಾಣದ ಹತ್ತಿರದ ಆ ಸೆಂಟರಿನಲ್ಲಿ ನಾನು ಟ್ಯಾಲಿ, ಡಿಟಿಪಿ ಕಲಿಸುತ್ತಿದ್ದೆ. ಯಾರಾದರೂ ಆಸೆಪಟ್ಟು ಕೇಳಿದರೆ ವೆಬ್ ಪುಟ ಮಾಡುವುದನ್ನೂ ಹೇಳಿಕೊಡುತ್ತಿದ್ದೆ. ಮಧ್ಯಾಹ್ನದ ಬ್ಯಾಚು ಬಿಟ್ಟು ಹೋಗಿತ್ತು. ಅಕ್ಕೋರು ಕುರ್ಚಿ ಎಳೆದುಕೊಂಡು ಕೂತರು.

“ತಂಗಿ, ಒಂದ ಮಾತ ಕೇಳ್ತೇನಿ. ಕಂಪ್ಯೂಟರಿನ್ಯಾಗ ಧ್ವನಿ ಇಡಾಕ ಬರತೈತೇನು?”

“ಬರತೈತ್ರಿ ಅಕ್ಕೋರ. ಹಾಡು ಇಡ್ತಾರಲ್ರಿ, ಹಂಗ.”

“ಹಾಡಲ್ಲವಾ, ಮಾತು. ನನಗ ಬೇಕಾದಾಗ ಬೇಕಾದ ಮಾತು ಒತ್ತಿದ ಕೂಡಲೇ ಬರಬೇಕು.”

ಅವರು ಮೋರಟಗಿಯ ಶಾಲೆಯಲ್ಲಿ ಶಿಕ್ಷಕಿ, ದಿನಾ ಸಿಂದಗಿಯಿಂದ ಬಸ್ಸಿನಲ್ಲಿ ಹೋಗಿ ಬರುವವರು. ಗಂಟಲಲ್ಲಿ ಗಡ್ಡೆಯಾಗಿತ್ತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದು ಸೊಲ್ಲಾಪುರದ ಡಾಕ್ಟರು ಹೇಳಿದ್ದರು. ಆಮೇಲೆ ಕುತ್ತಿಗೆಯಲ್ಲಿ ಮಾಡಿದ ತೂತಿನಿಂದ ಉಸಿರಾಡಬೇಕು, ಮಾತು ಬರುವುದಿಲ್ಲ. ಇದನ್ನೆಲ್ಲ ಅವರು ಕರಿಹಲಗೆಯ ಮುಂದೆ ನಿಂತು ಪಾಠ ಹೇಳುವವರ ಹಾಗೆ ಒಂದೊಂದಾಗಿ ಬಿಡಿಸಿ ಹೇಳಿದರು.

“ಬರದ ತೋರಸಬಹುದಲ್ರಿ?” ಅಂದೆ.

“ನಮ್ಮ ಮನ್ಯಾಗ ಬರದದ್ದನ್ನ ಓದವರಿಲ್ಲವಾ. ನಮ್ಮವರಿಗೆ ಕಣ್ಣಿಲ್ಲ.”

ಅವರ ಯಜಮಾನರು ಸಂಗೀತ ಮಾಸ್ತರು. ತಂಗಡಗಿ ಕಡೆಯವರು, ಎಳವೆಯಲ್ಲೇ ಸಿಡುಬಿನಲ್ಲಿ ಕಣ್ಣು ಕಳೆದುಕೊಂಡವರು. ಮನೆಯಲ್ಲಿ ಮಕ್ಕಳಿಗೆ ಹಾರ್ಮೋನಿಯಂ ಮತ್ತು ಹಾಡು ಕಲಿಸುತ್ತಿದ್ದರು. ಗುರುವಿನ ಬಾಯಿಂದ ಕೇಳಿಯೇ ಎಲ್ಲ ಕಲಿತದ್ದು. ಬೆರಳಲ್ಲಿ ಓದುವ ಲಿಪಿಯೂ ಅವರಿಗೆ ಬರುತ್ತಿರಲಿಲ್ಲ. ಸ್ವಂತ ಮಕ್ಕಳಿಲ್ಲದ ಮನೆಯಲ್ಲಿ ಅವರಿಬ್ಬರೇ.

“ಟೇಪಿನ್ಯಾಗ ಮಾಡಿ ನೋಡೀನಿ,” ಎಂದರು ಅಕ್ಕೋರು. “ಹಿಂದ ಮುಂದ ತಿರುವಿ ಮಾತ ಹುಡಕೂದ್ರಾಗ ಚಾ ಆರಿ ಹೋಗಿರತೈತಿ.”

ನನಗೆ ದೊಡ್ಡ ಸಾಫ್ಟ್‌ವೇರ್ ಬರೆಯುವ ವಿದ್ಯೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ವೆಬ್ ಪುಟ ಮತ್ತು ಅಷ್ಟಿಷ್ಟು ಜಾವಾಸ್ಕ್ರಿಪ್ಟ್. ಆದರೆ ವೆಬ್ ಪುಟಕ್ಕೆ ಇಂಟರ್‌ನೆಟ್ ಇರಲೇಬೇಕೆಂದಿಲ್ಲವಲ್ಲ. ಒಂದು ಪುಟದ ಮೇಲೆ ಮಾತುಗಳನ್ನೆಲ್ಲ ಲಿಂಕುಗಳಾಗಿ ಬರೆದು, ಲಿಂಕಿನ ಮೇಲೆ ಮೌಸ್ ಒತ್ತಿದರೆ ಆ ಮಾತಿನ ಧ್ವನಿ ಹೊರಡುವಂತೆ ಮಾಡಬಹುದು ಅನ್ನಿಸಿತು. ಸೆಂಟರಿನ ಮಾಲೀಕರಿಗೆ ವಿಷಯ ತಿಳಿಸಿದೆ. ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರನ್ನು ಅವರ ಮನೆಯಲ್ಲೇ ಇಟ್ಟು ಬಾ ಎಂದರು. ಅದಕ್ಕೆ ಮೈಕು, ಸ್ಪೀಕರ್ ನಾನೇ ಹೊಂದಿಸಿದೆ.

ರೆಕಾರ್ಡಿಂಗು ಅವರ ಮನೆಯಲ್ಲೇ ನಡೆಯಿತು. ಫ್ಯಾನು ಆರಿಸಿ, ರಸ್ತೆ ಕಡೆಯ ಕಿಟಕಿಗೆ ಕೌದಿ ಹಾಕಿ ಕೂರುತ್ತಿದ್ದೆವು. ಕೆಲವು ಮಾತು ಆಡುವಷ್ಟರಲ್ಲೇ ಅಕ್ಕೋರ ಗಂಟಲು ಸೋಲುತ್ತಿತ್ತು. ಬಿಸಿನೀರು ಕುಡಿದು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂತು ಮತ್ತೆ ಶುರು ಮಾಡುತ್ತಿದ್ದರು. ಏನೇನು ಬೇಕು ಎಂಬುದನ್ನು ಅವರು ಬೆಳಗಿನಿಂದ ರಾತ್ರಿವರೆಗಿನ ದಿನವನ್ನೇ ಮನಸ್ಸಿನಲ್ಲಿ ನಡೆದು ಹುಡುಕಿದ್ದರು. ‘ಚಾ ಆರಾಕತ್ತೈತಿ, ಕುಡೀರಿ.’ ‘ಹೊಸ್ತಲ ಐತಿ, ನೋಡಕೊಂಡ.’ ‘ಇನ್ನ ಸ್ವಲ್ಪ ಹಾಕ್ಲೇನು?’ ‘ನಾ ಇಲ್ಲೇ ಅದೇನಿ.’ ಪಾಠಕ್ಕೆ ಬರುವ ಮಕ್ಕಳಿಗೆಂದು ಎತ್ತರದ ದನಿಯಲ್ಲಿ, ‘ಐತವಾರ ಪಾಠ ಇರೂದಿಲ್ಲ!’

ಮನಸ್ಸಿನ ಮಾತೂ ಒಂದೆರಡು ಇರಲಿ, ಅಕ್ಕೋರ ಎಂದು ನಾನು ಸಂಕೋಚದಿಂದಲೇ ಹೇಳಿದೆ. ಅವರು ನಕ್ಕರು. “ಅಂಥಾದ್ದೆಲ್ಲ ನಾವು ಎಂದ ಆಡೀವಿ? ಉಪ್ಪ ಕಡಿಮಿ ಆಗೈತಿ ಅನ್ನೂದ ನಮ್ಮ ಮಾತು.”

ಮಾಸ್ತರು ಮಾತ್ರ ರೆಕಾರ್ಡಿಂಗಿನ ಹೊತ್ತಿಗೆ ಒಳಗಿರುತ್ತಿರಲಿಲ್ಲ. ಹೊರಗೆ ಕಟ್ಟೆಯ ಮೇಲೆ, ಗೋಡೆಗೆ ಆತು ಕೂರುತ್ತಿದ್ದರು. ಒಂದು ದಿನ ನಾನು ಹೊರಟಾಗ, “ಬಾಯಾಗಿರೂ ಮಾತನ್ನ ಪೆಟಗ್ಯಾಗ ಯಾಕ ತುಂಬಾಕತ್ತೀರವಾ?” ಎಂದು ಕೇಳಿದರು. ಉತ್ತರ ಬೇಕಾಗಿ ಕೇಳಿದ ಪ್ರಶ್ನೆಯಲ್ಲ ಅದು. ನಾನು ಚಪ್ಪಲಿ ಮೆಟ್ಟಿಕೊಂಡು ಇಳಿದೆ.

ಅವರ ಮನೆಯಲ್ಲಿ ಹಾಕಿ ನೋಡಿದ ಮೊದಲ ದಿನವೇ ಪುಟ ಕೈಕೊಟ್ಟಿತು. ಲಿಂಕಿಗೆ ನೇರ ಧ್ವನಿಯ ಫೈಲನ್ನೇ ಕೊಟ್ಟಿದ್ದೆ. ಒತ್ತಿದೊಡನೆ ಹಾಡು ನುಡಿಸುವ ಕಿಟಕಿ ತೆರೆದುಕೊಂಡು ಪುಟವನ್ನೇ ಮರೆಮಾಡುತ್ತಿತ್ತು. ಆ ಕಿಟಕಿ ಮುಚ್ಚದೆ ಎರಡನೆಯ ಮಾತಿಲ್ಲ. ಮೌಸ್ ಹಿಡಿದೇ ಗೊತ್ತಿಲ್ಲದ ಅಕ್ಕೋರಿಗೆ ಅದು ಆಗದ ಮಾತು. ಆಗ ಪುಟದೊಳಗೇ ಕಣ್ಣಿಗೆ ಕಾಣದಂತೆ ಧ್ವನಿ ನುಡಿಸುವ ಒಂದು ಟ್ಯಾಗ್ ಇಟ್ಟು, ಕ್ಲಿಕ್ ಆದಾಗ ಅದಕ್ಕೆ ಫೈಲಿನ ಹೆಸರು ಕೊಡುವ ಫಂಕ್ಷನ್, ಅಂದರೆ ಆಜ್ಞೆಗಳ ಒಂದು ಕಟ್ಟು, ಬರೆದೆ. ಧ್ವನಿ ಬಂತು. ಆದರೆ ಪ್ರತಿ ಸಲ ಪುಟ ಟಣ್ಣನೆ ಮೇಲಕ್ಕೆ ಜಿಗಿಯುತ್ತಿತ್ತು. ಲಿಂಕಿನ ಹುಟ್ಟುಗುಣ ಬೇರೆ ಕಡೆ ಕರೆದುಕೊಂಡು ಹೋಗುವುದು. ಹೋಗಲು ಜಾಗ ಕೊಡದಿದ್ದರೆ ಪುಟದ ತಲೆಗೆ ಹೋಗಿ ನಿಲ್ಲುತ್ತದೆ. ಧ್ವನಿ ಕೊಟ್ಟಾದ ಮೇಲೆ ‘ನೀನು ಎಲ್ಲಿಗೂ ಹೋಗಬೇಡ’ ಎಂದು ಫಂಕ್ಷನ್ನಿನ ಕೊನೆಯಲ್ಲಿ ಹೇಳಬೇಕು. ರಿಟರ್ನ್ ಫಾಲ್ಸ್ ಎಂಬ ಆ ಒಂದು ಸಾಲು ಸೇರಿಸಿದ ಮೇಲೆ ಪುಟ ನಿಂತಲ್ಲಿ ನಿಂತಿತು.

ಸೊಲ್ಲಾಪುರಕ್ಕೆ ಹೊರಡುವ ಹಿಂದಿನ ದಿನ ಕೊನೆಯ ರೆಕಾರ್ಡಿಂಗು. ದಿನಾ ಬೆಳಿಗ್ಗೆ ಶಾಲೆಗೆ ಹೊರಡುವಾಗ ಬಾಗಿಲಲ್ಲಿ ನಿಂತು ಹೇಳುತ್ತಿದ್ದ ಮಾತನ್ನು ಬಿಟ್ಟೇಬಿಟ್ಟಿದ್ದೇನೆ ಎಂದು ಅವರಿಗೆ ಕಡೆಗೆ ನೆನಪಾಯಿತು. ‘ನಾ ಸಾಲಿಗೆ ಹೋಗಿ ಬರ್ತೇನಿ.’ ಕೊನೆಯ ಶಬ್ದಕ್ಕೆ ಬರುವಾಗ ಧ್ವನಿ ಒಡೆಯಿತು. ಇನ್ನೊಮ್ಮೆ ಹೇಳುತ್ತೀರಾ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಹಾಗೇ ಇಟ್ಟುಕೊಂಡೆ.

ಅವರು ಆಸ್ಪತ್ರೆಯಲ್ಲಿದ್ದಾಗ ನಾನು ಸೆಂಟರಿನಲ್ಲೇ ಕೂತು ಪುಟವನ್ನು ಪೂರ್ತಿ ಮಾಡಿದೆ. ಮಾತುಗಳು ಬಹಳವಾಗಿದ್ದವು, ಒಂದೊಂದು ಲಿಂಕಿಗೂ ಕೈಯಿಂದ ಕ್ಲಿಕ್ ಬರೆಯುವುದು ತ್ರಾಸಾಗಿ, ಎಲ್ಲ ಲಿಂಕುಗಳನ್ನೂ ಸುತ್ತಿಬಂದು ತಾನೇ ಕ್ಲಿಕ್ ಅಂಟಿಸುವ ಒಂದು ಲೂಪ್ ಬರೆದೆ. ಸೆಂಟರಿನ ಯಂತ್ರಗಳಿಗೆ ಸ್ಪೀಕರ್ ಇರಲಿಲ್ಲ. ಒತ್ತಿದರೆ ಪುಟ ಜಿಗಿಯಲಿಲ್ಲ, ತಪ್ಪಿನ ಸಂದೇಶವೂ ಬರಲಿಲ್ಲ. ಆಯಿತು ಅಂದುಕೊಂಡೆ.

ಅಕ್ಕೋರು ಮನೆಗೆ ಮರಳಿದರು. ಕುತ್ತಿಗೆಗೆ ತೆಳುವಾದ ಬಿಳಿ ಬಟ್ಟೆ ಕಟ್ಟಿತ್ತು, ಉಸಿರಾಡಿದಾಗೆಲ್ಲ ಅದು ಸಣ್ಣಗೆ ಏಳುತ್ತಿತ್ತು. ಮಾಸ್ತರು ಹೊರಸಿನ ಮೇಲೆ ಕೂತಿದ್ದರು. ಅವರ ಮುಂದೆ ಚಹಾ ಇಟ್ಟು ಅಕ್ಕೋರು ಕಂಪ್ಯೂಟರಿನ ಮುಂದೆ ಬಂದು ಕೂತು ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ. ಪರದೆಯ ಮೇಲಿನ ಬಾಣವನ್ನು ನಿಧಾನವಾಗಿ ‘ಚಾ’ದ ಮೇಲೆ ತಂದು ಒತ್ತಿದರು.

‘ನಾ ಸಾಲಿಗೆ ಹೋಗಿ ಬರ್ತೇನಿ.’

ಮಾಸ್ತರು ಮುಖ ಮೇಲೆತ್ತಿದರು. ಎಷ್ಟೋ ದಿನಗಳ ಮೇಲೆ ಕೇಳಿದ ಹೆಂಡತಿಯ ಧ್ವನಿ. ಅದು ಬಂದ ಕಡೆ ಕೈ ಚಾಚಿದರು. “ಈಗರ ಬಂದೀಯಲ್ಲ, ಇಷ್ಟ ಲಗೂನ ಎಲ್ಲಿ ಹೊಂಟಿ?”

ಅಕ್ಕೋರು ಗಾಬರಿಯಾಗಿ ‘ನಾ ಇಲ್ಲೇ ಅದೇನಿ’ ಎಂಬುದನ್ನು ಒತ್ತಿದರು.

‘ನಾ ಸಾಲಿಗೆ ಹೋಗಿ ಬರ್ತೇನಿ.’

ಮತ್ತೊಂದನ್ನು ಒತ್ತಿದರು, ಮಗದೊಂದನ್ನು ಒತ್ತಿದರು. ಯಾವುದನ್ನು ಒತ್ತಿದರೂ ಅದೇ ಒಡೆದ ಧ್ವನಿ, ಅದೇ ಮಾತು. ನಾನು ಪ್ಲಗ್ ಕಿತ್ತೆ. ಅಕ್ಕೋರ ಭುಜ ಅಲುಗುತ್ತಿತ್ತು. ಅವರು ಅಳುತ್ತಿದ್ದರು, ಆದರೆ ಸದ್ದಿರಲಿಲ್ಲ; ಕುತ್ತಿಗೆಯ ಬಟ್ಟೆಯ ಹಿಂದಿನಿಂದ ಬರೀ ಗಾಳಿ ಬುಸುಗುಡುತ್ತಿತ್ತು. ಮಾಸ್ತರಿಗೆ ಅದು ಅಳು ಎಂದು ತಿಳಿಯಲಿಲ್ಲ.

“ಯಾಕ, ಉಬ್ಬಸ ಹತ್ತೈತೇನು? ತಂಗಿ, ಒಂದಿಷ್ಟ ನೀರ ಕೊಡವಾ ಆಕಿಗೆ.”

ನೀರು ಕೊಟ್ಟೆ. ಮಾಸ್ತರಿಗೆ ಏನೂ ಹೇಳಲಿಲ್ಲ. ಅಕ್ಕೋರೇ ಕಣ್ಣಲ್ಲಿ ಬೇಡ ಎಂದರು.

ಮರುದಿನ ಸೆಂಟರಿನ ಪಾಠ ಬಿಟ್ಟು, ಬರೆದ ಸಾಲುಗಳನ್ನು ಹಾಳೆಯ ಮೇಲಿಟ್ಟುಕೊಂಡು ಒಂದೊಂದೇ ಸುತ್ತು ನಾನೇ ಓಡಿಸಿ ನೋಡಿದೆ. ಪ್ರತಿ ಸುತ್ತಿನಲ್ಲೂ ಆ ಹೊತ್ತಿನ ಲಿಂಕನ್ನು ವೇರಿಯಬಲ್ ಎಂಬ ಒಂದು ಡಬ್ಬಿಯಲ್ಲಿ ಇಟ್ಟು, ‘ಕ್ಲಿಕ್ ಆದರೆ ಇದರ ಧ್ವನಿ ನುಡಿಸು’ ಎಂದು ಬರೆದಿದ್ದೆ. ತೊಂದರೆ ಅಲ್ಲೇ ಇತ್ತು. ಆ ಫಂಕ್ಷನ್ ಓಡುವುದು ನಾನು ಬರೆದಾಗಲ್ಲ, ಯಾರೋ ಒತ್ತಿದಾಗ. ಅಷ್ಟರಲ್ಲಿ ಲೂಪ್ ಮುಗಿದಿರುತ್ತದೆ, ಆ ಒಂದೇ ಡಬ್ಬಿಯಲ್ಲಿ ಕೊನೆಯ ಲಿಂಕು, ಅಂದರೆ ಶಾಲೆಗೆ ಹೋಗುವ ಮಾತು, ಉಳಿದಿರುತ್ತದೆ. ಎಲ್ಲ ಲಿಂಕುಗಳೂ ಹೋಗಿ ಆ ಡಬ್ಬಿಯನ್ನೇ ನೋಡುತ್ತಿದ್ದವು. ಸರಿಪಡಿಸಿದ್ದು ಸಣ್ಣದು: ವೇರಿಯಬಲ್ಲನ್ನು ಕೇಳುವುದು ಬಿಟ್ಟು, ಒತ್ತಿಸಿಕೊಂಡ ಲಿಂಕನ್ನೇ ‘ನಿನ್ನ ಫೈಲು ಯಾವುದು’ ಎಂದು ಕೇಳಬೇಕು. ಈ ಸಲ ಸೆಂಟರಿಗೆ ಸ್ಪೀಕರ್ ತಂದು ಒಂದೊಂದು ಮಾತನ್ನೂ ಕಿವಿಯಿಂದ ಕೇಳಿಯೇ ಎದ್ದೆ.

ಮತ್ತೆ ಮನೆಗೆ ಹೋಗಿ ಪುಟ ಹಾಕಿದೆ. ಅಕ್ಕೋರು ಚಹಾ ಇಟ್ಟರು, ಬಂದು ಕೂತರು, ಒತ್ತಿದರು.

‘ಚಾ ಆರಾಕತ್ತೈತಿ, ಕುಡೀರಿ.’

“ಹ್ಞಾಂ,” ಎಂದರು ಮಾಸ್ತರು, ಕಪ್ಪಿಗೆ ಕೈ ಹಾಕುತ್ತ. ಅಷ್ಟೇ. ದಿನಾ ಅನ್ನುವಂಥ ಒಂದು ‘ಹ್ಞಾಂ’. ಅದನ್ನು ಕೇಳಿ ಅಕ್ಕೋರು ಗೋಡೆಯ ಕಡೆ ತಿರುಗಿ ಬಹಳ ಹೊತ್ತು ಕೂತರು.

ಆಮೇಲೆ ಸಣ್ಣಪುಟ್ಟ ರಿಪೇರಿಗಾಗಿ ಆಗಾಗ ಹೋಗುತ್ತಿದ್ದೆ. ಅಕ್ಕೋರಿಗೆ ಒಂದು ಸಲ ಒತ್ತಿದರೆ ನಂಬಿಕೆ ಸಾಲದು, ಎರಡು ಸಲ ಒತ್ತುವರು. ‘ಚಾ ಚಾ ಆರಾಕತ್ತೈತಿ’ ಎಂದು ಮಾತು ತೊದಲುತ್ತಿತ್ತು. “ತೊದಲೂದು ಯಾವಾಗ ಕಲ್ತಿ?” ಎಂದು ಮಾಸ್ತರು ನಗುತ್ತಿದ್ದರು. ಒಂದು ಕ್ಲಿಕ್ಕಿನ ಬೆನ್ನಿಗೇ ಬರುವ ಇನ್ನೊಂದನ್ನು ಲೆಕ್ಕಕ್ಕೆ ಹಿಡಿಯದಂತೆ ಮಾಡಿದೆ. ಕರೆಂಟಿನ ಕಾಟಕ್ಕೆ ಮಾತ್ರ ನನ್ನ ಹತ್ತಿರ ಮದ್ದಿರಲಿಲ್ಲ. ‘ಕರೆಂಟ ಹೋದ್ರ ನಾನೂ ಹೋದೆ’ ಎಂದು ಅಕ್ಕೋರು ಪಾಟಿಯ ಮೇಲೆ ಬರೆದು ತೋರಿಸಿದ್ದರು.

ಹೀಗೆ ಹೋಗಿ ಬರುವಾಗ ಒಂದು ಸಂಗತಿ ನನ್ನ ಗಮನಕ್ಕೆ ಬಂತು. ಮಾಸ್ತರ ಪ್ರಶ್ನೆಗಳು ಬದಲಾಗಿದ್ದವು. ಹೆಂಡತಿಯ ಹತ್ತಿರ ಯಾವ ಯಾವ ಉತ್ತರ ಇವೆ ಎಂಬುದು ಅವರಿಗೆ ಬಾಯಿಪಾಠವಾಗಿತ್ತು. ಆ ಉತ್ತರ ಬರುವಂಥ ಪ್ರಶ್ನೆಗಳನ್ನೇ ಕೇಳುತ್ತಿದ್ದರು. ಹಸಿವಿಲ್ಲದಿದ್ದರೂ ಇನ್ನೂ ಸ್ವಲ್ಪ ಅನ್ನ ಐತೇನು ಎನ್ನುವರು. ಅಕ್ಕೋರು ಪಕ್ಕದಲ್ಲೇ ಇರುವುದು ಗೊತ್ತಿದ್ದೂ ಎಲ್ಲಿದ್ದೀ ಎನ್ನುವರು. ಪುಟದಲ್ಲಿಲ್ಲದ ಮಾತು ಬೇಡುವ ಪ್ರಶ್ನೆ ಅವರ ಬಾಯಿಗೆ ಬರುತ್ತಲೇ ಇರಲಿಲ್ಲ.

ಕೆಲವು ತಿಂಗಳು ಕಳೆದ ಮೇಲೆ ಅಕ್ಕೋರು ಸೆಂಟರಿಗೆ ಬಂದರು. ಕುರ್ಚಿಯಲ್ಲಿ ಕೂತು ಚೀಲದಿಂದ ಪಾಟಿ ತೆಗೆದು ಬರೆದರು: ‘ತಿರುಗಿ ಬಂದೈತಿ. ಈ ಸಲ ಆಪರೇಷನ್ ಮಾಡೂದಿಲ್ಲಂತ.’

“ಮಾಸ್ತರಿಗೆ?” ಎಂದೆ.

‘ನಾನ ಹೇಳಬೇಕು. ಮಂದಿ ಬಾಯಿಂದ ಅವರಿಗೆ ತಿಳೀಬಾರದು.’

ಅದನ್ನು ಅಳಿಸಿ, ಅಕ್ಷರ ದುಂಡಗೆ ಬಿಡಿಸಿ ಇನ್ನೊಂದು ವಾಕ್ಯ ಬರೆದರು: ‘ನಾ ಇನ್ನ ಭಾಳ ದಿನ ಇರೂದಿಲ್ಲ.’ ಒಂದೊಂದು ಶಬ್ದದ ಕೆಳಗೂ ಅದನ್ನು ಎಲ್ಲಿಂದ ಕತ್ತರಿಸಬೇಕು ಎಂದು ಗುರುತು ಹಾಕಿದರು. ‘ನಾ’ ಶಾಲೆಗೆ ಹೋಗುವ ಮಾತಿನಿಂದ. ‘ಇನ್ನ’ ಊಟ ಬಡಿಸುವ ಮಾತಿನಿಂದ. ‘ಭಾಳ ದಿನ’ ಎಂಬುದು, ಮೈದುನ ಬಂದು ಭಾಳ ದಿನ ಆತು ಎಂದು ರೆಕಾರ್ಡ್ ಮಾಡಿದ್ದರಲ್ಲಿತ್ತು. ‘ಇರೂದಿಲ್ಲ’ ಭಾನುವಾರ ಪಾಠವಿಲ್ಲ ಎನ್ನುವ ಮಾತಿನಿಂದ.

“ನನ್ನ ಕೈಲಿಂದ ಆಗೂದಿಲ್ರಿ ಅಕ್ಕೋರ,” ಅಂದೆ. “ನೀವು ಆಡದ ಮಾತನ್ನ ನಿಮ್ಮ ಧ್ವನಿಲೆ ನಾ ಹೆಂಗ ಕಟ್ಟಲಿ?”

ಅವರು ಪಾಟಿ ಒರೆಸಿದರು. ಎರಡೇ ಶಬ್ದ ಬರೆದು ನನ್ನ ಕಡೆ ತಿರುಗಿಸಿದರು: ‘ಒತ್ತಾಕಿ ನಾನು.’

ನಿಜ. ಪುಟ ಮಾತಾಡುತ್ತಿರಲಿಲ್ಲ, ನಾನೂ ಮಾತಾಡುತ್ತಿರಲಿಲ್ಲ. ಆ ಮನೆಯಲ್ಲಿ ಒತ್ತಿದವರೇ ಮಾತಾಡಿದವರು. ಮಾಡುತ್ತೇನೆ ಎಂದೆ.

ಧ್ವನಿಯನ್ನು ಪರದೆಯ ಮೇಲೆ ಏರಿಳಿಯುವ ಗೆರೆಯಾಗಿ ತೋರಿಸುವ ಒಂದು ಪ್ರೋಗ್ರಾಮು ನಮ್ಮಲ್ಲಿತ್ತು. ಅದರಲ್ಲಿ ಶಬ್ದದ ಹಿಂದುಮುಂದು ಕತ್ತರಿಸಿ ಸಾಲಾಗಿ ಇಟ್ಟೆ. ‘ಇರೂದಿಲ್ಲ’ ಮಕ್ಕಳಿಗೆ ಕೂಗಿ ಹೇಳಿದ್ದಾದ್ದರಿಂದ ಮಿಕ್ಕವುಗಳ ಪಕ್ಕದಲ್ಲಿ ಅರಚಿದಂತೆ ಕೇಳುತ್ತಿತ್ತು. ಸದ್ದು ತಗ್ಗಿಸಿದೆ. ಸದ್ದು ತಗ್ಗಿತು, ಎತ್ತರದ ಸ್ವರ ಹಾಗೇ ಉಳಿಯಿತು. ಪೂರ್ತಿ ವಾಕ್ಯವನ್ನು ಕೇಳಲೇಬೇಕಿತ್ತು, ಕೇಳಿದೆ. ಲಿಂಕನ್ನು ಪುಟದ ತಳದಲ್ಲಿ, ಉಳಿದವುಗಳಿಂದ ದೂರ ಇಟ್ಟೆ. ಕೈ ತಪ್ಪಿ ಒತ್ತಿದರೆ ಎಂಬ ಹೆದರಿಕೆಗೆ, ಒತ್ತಿದೊಡನೆ ಹೊರಡದೆ ‘ಹೇಳಲೇ?’ ಎಂದು ಕೇಳುವ ಸಣ್ಣ ಪೆಟ್ಟಿಗೆ ಬರುವಂತೆ ಮಾಡಿದೆ. ಹೌದೆಂದರೆ ಮಾತ್ರ ಧ್ವನಿ, ಬೇಡವೆಂದರೆ ಏನೂ ಇಲ್ಲ.

ಹೇಳುವ ದಿನ ನಾನೂ ಮನೆಯಲ್ಲಿರಬೇಕೆಂದು ಅಕ್ಕೋರ ಅಪ್ಪಣೆ. ಬೆಳಗಿನ ಹೊತ್ತು, ಪಾಠದ ಮಕ್ಕಳು ಯಾರೂ ಇರಲಿಲ್ಲ. ಮಾಸ್ತರು ಹಾರ್ಮೋನಿಯಂನ ಧೂಳು ಒರೆಸುತ್ತಿದ್ದರು. ಅಕ್ಕೋರು ಆ ಲಿಂಕನ್ನು ಒತ್ತಿದರು. ಪೆಟ್ಟಿಗೆ ಬಂತು. ಅದನ್ನೇ ನೋಡುತ್ತ ಕೂತು, ಬೇಡ ಎಂಬುದನ್ನು ಒತ್ತಿ ಎದ್ದು ಒಳಗೆ ಹೋದರು. ಒಲೆ ಒರೆಸಿದರು, ಒಣಗಿದ ಪಾತ್ರೆಗಳನ್ನೇ ಮತ್ತೆ ತೊಳೆದರು. ಸೆರಗಿಗೆ ಕೈ ಒರೆಸಿಕೊಂಡು ಬಂದು ಮತ್ತೆ ಕೂತರು. ಈ ಸಲ ಹೌದು ಎಂಬುದನ್ನು ಒತ್ತಿದರು.

‘ನಾ... ಇನ್ನ... ಭಾಳ ದಿನ... ಇರೂದಿಲ್ಲ.’

ಮಾಸ್ತರ ಕೈಯಲ್ಲಿದ್ದ ಬಟ್ಟೆ ನಿಂತಿತು.

“ತಂಗಿ,” ಎಂದರು, “ಇದು ಒಂದ ಉಸರಿನ ಮಾತಲ್ಲ. ‘ಇರೂದಿಲ್ಲ’ ಅನ್ನೂದು ಹುಡುಗೂರಿಗೆ ಅಂದದ್ದು. ಆ ಸ್ವರಾನ ಬ್ಯಾರೆ.” ಅವರು ಹೆಂಡತಿ ಕೂತ ಕಡೆ ತಿರುಗಿದರು. “ಇದೊಂದ ಮಾತ ಹೇಳಾಕ ಇಷ್ಟ ತ್ರಾಸ ತಗೊಂಡೇನು? ನಿನ್ನ ಉಸರಿನ ಸಪ್ಪಳ ಬದಲಾಗಿದ್ದು ನನಗ ಕೇಳ್ತಿತ್ತು. ನೀ ಹೇಳಲಿಲ್ಲ, ನಾ ಕೇಳಲಿಲ್ಲ.”

ಅಕ್ಕೋರು ಎದ್ದು ಹೋಗಿ ಅವರ ಎದುರು ನೆಲದ ಮೇಲೆ ಕೂತು, ಅವರ ಕೈ ಹಿಡಿದು ತಮ್ಮ ಮುಖದ ಮೇಲೆ ಇಟ್ಟುಕೊಂಡರು. ಮಾಸ್ತರ ಬೆರಳು ಆ ಕೆನ್ನೆಯ ಮೇಲೆ ಹರಿದಾಡಿ, ಒದ್ದೆ ತಾಗಿದಲ್ಲಿ ನಿಂತವು. ನಾನು ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ.

ಹೊರಡುವಾಗ ಮಾಸ್ತರು ಬಾಗಿಲ ತನಕ ಬಂದರು. “ಆ ಮಾತನ್ನ ತಗದ ಬಿಡವಾ. ಒಮ್ಮಿ ಅಂದದ್ದಾತು, ಕೇಳಿದ್ದಾತು.” ಅಂದೇ ಅದನ್ನು ಅಳಿಸಿದೆ.

ಜೋಳದ ಸುಗ್ಗಿ ಮುಗಿದು ಬಿಸಿಲು ಏರುವ ಹೊತ್ತಿಗೆ ಅಕ್ಕೋರು ತೀರಿಕೊಂಡರು. ಕೊನೆಯ ದಿನಗಳಲ್ಲಿ ಅವರಿಗೆ ಮೌಸ್ ಹಿಡಿಯುವ ಶಕ್ತಿ ಇರಲಿಲ್ಲ. ಮಾಸ್ತರು ಪಕ್ಕದಲ್ಲಿ ಕೂತು ತಾವೇ ಕೇಳಿ, ಅವರ ಉತ್ತರವನ್ನೂ ತಾವೇ ಹೇಳಿ, ಹೌದೋ ಅಲ್ಲವೋ ಎಂಬುದನ್ನು ಅಕ್ಕೋರ ಬೆರಳಿನ ಅಲುಗಾಟದಿಂದ ತಿಳಿದುಕೊಳ್ಳುತ್ತಿದ್ದರಂತೆ.

ಕಂಪ್ಯೂಟರು ಅಲ್ಲೇ ಉಳಿದಿತ್ತು. ನನ್ನ ತಲೆಯಲ್ಲಿ ಒಂದು ವಿಚಾರ ಹೊಕ್ಕಿತು. ಲಿಂಕನ್ನು ಒತ್ತಲು ಮೌಸೇ ಬೇಕೆಂದಿಲ್ಲ. ಕೀಲಿಮಣೆಯ ಟ್ಯಾಬ್ ಒತ್ತಿದರೆ ಒಂದು ಲಿಂಕಿನಿಂದ ಮುಂದಿನ ಲಿಂಕಿಗೆ ಹೋಗಬಹುದು. ಎಂಟರ್ ಒತ್ತಿದರೆ ಅದನ್ನೂ ಬ್ರೌಸರು ಕ್ಲಿಕ್ ಎಂದೇ ತಿಳಿಯುತ್ತದೆ. ಹಾರ್ಮೋನಿಯಂ ಮೇಲೆ ಕಣ್ಣಿಲ್ಲದೆ ಕೈಯಾಡಿಸುವವರಿಗೆ ಎರಡು ಕೀಲಿ ಯಾವ ಲೆಕ್ಕ? ಬೆರಳಿಗೆ ಸಿಗಲೆಂದು ಆ ಎರಡರ ಮೇಲೆ ಮೇಣದ ಚುಕ್ಕೆ ಇಟ್ಟೆ. ಪುಟವನ್ನು ಅವರಿಗೆ ಅನುಕೂಲವಾಗುವಂತೆ ಮತ್ತೆ ಜೋಡಿಸಿದೆ. ಹಾಗೆ ಏನಾದರೂ ಮಾಡುತ್ತಿದ್ದರೆ ನನಗೂ ಸ್ವಲ್ಪ ಹಗುರ ಅನ್ನಿಸುತ್ತಿತ್ತು.

ಮಾಸ್ತರು ಬೇಡ ಅನ್ನಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಬಾಗಿಲು ಅರೆ ಮುಚ್ಚಿದ್ದ ಮನೆಯಲ್ಲಿ, ಅಕ್ಕೋರ ಕುರ್ಚಿಯಲ್ಲೇ ಬಂದು ಕೂತರು. ತೋರಿಸಿಕೊಟ್ಟ ಹಾಗೆ ಟ್ಯಾಬ್ ಒತ್ತುತ್ತ ಹೋಗಿ ಎಲ್ಲೋ ಒಂದು ಕಡೆ ನಿಂತು ಎಂಟರ್ ಒತ್ತಿದರು.

‘ಕೈಕಾಲ ತೊಳಕೊಂಡ ಬರ್ರಿ, ಊಟಕ್ಕ ನೀಡ್ತೇನಿ.’

ಅವರು ಕುರ್ಚಿಯ ಕೈ ಹಿಡಿದು ಅರ್ಧ ಎದ್ದರು. ಎದ್ದವರು ಹಾಗೇ ಸ್ವಲ್ಪ ಹೊತ್ತು ನಿಂತು, ನಿಧಾನವಾಗಿ ಮತ್ತೆ ಕೂತರು. ಕೀಲಿಮಣೆಯ ಮೇಲಿಂದ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

“ನಾ ಒತ್ತಿದ್ದಕ್ಕ ಬಂತವಾ ಇದು,” ಎಂದರು. “ಆಕಿ ಅಂದದ್ದಲ್ಲ.”

ನಾನು ಸ್ಪೀಕರ್ ಆರಿಸಿದೆ.

“ಕೆಟ್ಟ ಅನ್ಸಬ್ಯಾಡ ತಂಗಿ. ನೀ ಮಾಡಿಕೊಟ್ಟಿದ್ದಕ್ಕ ಅಷ್ಟ ದಿನರ ಆಕಿ ಮಾತ ಕೇಳಿದೆ. ಇನ್ನ ಒಯ್ದ ಬಿಡು.”

“ಸೀಡಿ ಮಾಡಿ ಕೊಡ್ಲೇನ್ರಿ? ಮನಸಾದಾಗ ಕೇಳಬಹುದು.”

“ಬ್ಯಾಡ. ಮನಸಾಗತೈತಿ, ಅದಕ್ಕ ಬ್ಯಾಡ ಅನ್ನಾಕತ್ತೇನಿ.”

ತಂತಿಗಳನ್ನು ಬಿಚ್ಚಿ ಸುತ್ತಿದೆ. ಆಟೋದವನು ಬಂದು ಮಾನಿಟರ್ ಎತ್ತಿಕೊಂಡ, ಉಳಿದದ್ದನ್ನು ನಾನು ಹಿಡಿದುಕೊಂಡೆ. ಅಷ್ಟರಲ್ಲಿ ಪಾಠದ ಮಕ್ಕಳು ಬಂದು ಚಾಪೆ ಹಾಸಿಕೊಂಡು ಕೂತಿದ್ದರು. ನಾವು ಮೆಟ್ಟಿಲು ಇಳಿಯುವಾಗ ಒಳಗೆ ಹಾರ್ಮೋನಿಯಂ ಶುರುವಾಯಿತು. ಮೊದಲೆಲ್ಲ ಮಾಸ್ತರು ಒಂದು ಸಾಲು ಹಾಡಿ ಬಿಡುತ್ತಿದ್ದರು, ಮಕ್ಕಳು ಅದನ್ನು ಹಿಡಿದು ಹಾಡುತ್ತಿದ್ದರು. ಅವತ್ತು ದನಿ ತೆಗೆಯದೆ ಸಾಲನ್ನು ಹಾರ್ಮೋನಿಯಂನಲ್ಲೇ ನುಡಿಸಿ ನಿಲ್ಲಿಸಿದರು. ಮಕ್ಕಳು ಅವರ ದನಿಗಾಗಿ ಕಾಯುತ್ತ ಸುಮ್ಮನೆ ಕೂತಿದ್ದರು. ಅವರು ಅದೇ ಸಾಲನ್ನು ಮತ್ತೆ ನುಡಿಸಿದರು.